ಸಾಗರದ ಹಳೆಯ ಸ್ಟುಡಿಯೋ ಮತ್ತು ನಮ್ಮ ಮನೆಯ ಇಪ್ಪತ್ತೇಳು ಮುಖಗಳು

ಮನೆಯ ಹಳೆಯ ಫೋಟೋಗಳನ್ನು ಎಲ್ಲಿ ಕೊಟ್ಟು ಸರಿಮಾಡಿಸಬೇಕು ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಫೋಟೋವನ್ನು ಚಂದ ಮಾಡಿಕೊಡುವವರ ಹತ್ತಿರ ಹೋಗಬೇಡಿ. ಇದ್ದದ್ದನ್ನು ಇದ್ದ ಹಾಗೆಯೇ ದೊಡ್ಡದು ಮಾಡಿಕೊಡುವವರನ್ನು ಹುಡುಕಿ. ಇಷ್ಟು ತಿಳಿಯಲು ನನಗೆ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳಲ್ಲಿ ನಮ್ಮ ಮನೆಯ ಒಬ್ಬ ಹೆಣ್ಣುಮಗಳು ಫೋಟೋದಿಂದ ಅಳಿಸಿಹೋಗಿ ಮತ್ತೆ ಬಂದಳು.

ಅಪ್ಪ ತೀರಿಕೊಂಡ ಮೇಲೆ ಶಿವಮೊಗ್ಗದ ಮನೆಯ ಅಟ್ಟದಿಂದ ಇಳಿಸಿದ ಟ್ರಂಕಿನಲ್ಲಿ 41 ಬಿಡಿ ಫೋಟೋಗಳಿದ್ದವು. ಅವುಗಳ ಜೊತೆಗೆ ಗೋಡೆಯ ಮೇಲೆ ಗಾಜಿನ ಕಟ್ಟು ಹಾಕಿಸಿದ್ದ ಒಂದು ಗುಂಪು ಫೋಟೋ ಇತ್ತು: ದೊಡ್ಡಪ್ಪನ ಮದುವೆ, ಹಳೆಯ ಮನೆಯ ಜಗಲಿ, ಮೂರು ಸಾಲಿನಲ್ಲಿ ಜನ. ಆ ಮನೆ ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿಂದಕ್ಕೆ ತುಂಬಿಕೊಂಡಾಗ ಮನೆ, ತೋಟ, ಬಾವಿ, ತುಳಸಿಕಟ್ಟೆ ಎಲ್ಲವೂ ನೀರಿನಡಿಗೆ ಹೋದವು. ಆ ಮನೆಯ ಚಿತ್ರವೆಂದು ನಮ್ಮ ಬಳಿ ಉಳಿದಿರುವುದು ಇದೊಂದೇ. ಅಪ್ಪ ಇರುವಾಗ ದಿನವೂ ಅದರ ಮುಂದೆ ಓಡಾಡಿದೆ, ಒಮ್ಮೆಯೂ ಕುಳಿತು ಯಾರು ಯಾರು ಎಂದು ಕೇಳಲಿಲ್ಲ. ಈಗ ಹೇಳಬಲ್ಲವರು ಇಬ್ಬರೇ ಉಳಿದಿದ್ದಾರೆ. ಒಬ್ಬರು ತುಮರಿಯಲ್ಲಿರುವ ದೊಡ್ಡಮ್ಮ. ಆ ಫೋಟೋದ ಮದುಮಗಳು ಅವರೇ, ತೊಂಬತ್ತರ ಹತ್ತಿರದ ವಯಸ್ಸು. ಇನ್ನೊಬ್ಬರು ಅಪ್ಪನ ತಂಗಿ, ನನ್ನ ಸೋದರತ್ತೆ. ಆಗ ಅವರಿಗೆ ನಾಲ್ಕು ವರ್ಷ. (ಮನೆಯವರ ಹೆಸರುಗಳನ್ನು ಇಲ್ಲಿ ಬರೆಯುತ್ತಿಲ್ಲ, ಎಲ್ಲರ ಒಪ್ಪಿಗೆ ಕೇಳಿಲ್ಲ.)

ಮೊದಲು ಮಾಡಿದ್ದು ತಪ್ಪು ಕೆಲಸ. ಗೂಗಲ್‌ನವರ ಫೋಟೋಸ್ಕ್ಯಾನ್ ಎಂಬ ಉಚಿತ ಆ್ಯಪ್‌ನಲ್ಲಿ ಕಟ್ಟಿನ ಫೋಟೋವನ್ನು ತೆಗೆದುಕೊಂಡೆ. ಆ್ಯಪ್‌ನದೇನೂ ತಪ್ಪಿಲ್ಲ. ತೆರೆಯ ಮೇಲೆ ಕಾಣುವ ನಾಲ್ಕು ಚುಕ್ಕೆಗಳ ಕಡೆಗೆ ಮೊಬೈಲನ್ನು ಸರಿಸುತ್ತ ಹೋದರೆ ಅದು ಹಲವು ಚಿತ್ರಗಳನ್ನು ಸೇರಿಸಿ ಗಾಜಿನ ಹೊಳಪನ್ನು ತೆಗೆಯುತ್ತದೆ. ನೆಂಟರ ಮನೆಯ ಗೋಡೆಯ ಮೇಲಿರುವ ಫೋಟೋಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ನನ್ನ ತಪ್ಪೆಂದರೆ ಆ ಚಿತ್ರವನ್ನು ಹಳೆಯ ಫೋಟೋಗಳಿಗೆ ಬಣ್ಣ ತುಂಬಿಕೊಡುವ ಒಂದು ಅಂತರ್ಜಾಲ ಸೇವೆಗೆ ಕಳುಹಿಸಿದ್ದು. 1,800 ರೂಪಾಯಿ ತೆಗೆದುಕೊಂಡರು. ಮೂರು ದಿನದಲ್ಲಿ ಬಂದ ಚಿತ್ರ ಕಣ್ಣಿಗೆ ಹಬ್ಬವಾಗಿತ್ತು: ಹಸಿರು ಚಪ್ಪರ, ನೀಲಿ ಸೀರೆಯ ಮದುಮಗಳು, ಪ್ರತಿಯೊಬ್ಬರ ಕಣ್ಣಿನಲ್ಲೂ ಬೆಳಕು. ಕಟ್ಟು ಹಾಕಿಸಿ ದೀಪಾವಳಿಗೆ ತುಮರಿಗೆ ತೆಗೆದುಕೊಂಡು ಹೋದೆ. ಮೊದಲಾಗಿದ್ದರೆ ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರಲ್ಲಿ ಸೇತುವೆ ಆದದ್ದರಿಂದ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತಲುಪಿದೆ.

ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: "ಇವರು ಯಾರ ಮನೆಯವರು?"

"ನಿಮ್ಮ ಮದುವೆಯದೇ ದೊಡ್ಡಮ್ಮ."

"ನನ್ನ ಮದುವೆಯೇ? ಧಾರೆಗೆ ನೀಲಿ ಸೀರೆ ಉಡಿಸುತ್ತಾರೆಯೇ? ನನ್ನದು ಕೆಂಪು ಸೀರೆ. ಇವನು ಯಾರು, ಪಕ್ಕದಲ್ಲಿ ಕೂತವನು?"

ಪಕ್ಕದಲ್ಲಿ ಕೂತವರು ದೊಡ್ಡಪ್ಪ. ಐವತ್ತು ವರ್ಷ ಒಟ್ಟಿಗೆ ಬಾಳಿದ ಗಂಡನನ್ನು ಅವರು ಗುರುತಿಸಲಿಲ್ಲ. ಅವರಿಗೆ ಮರೆವು ಬಂದಿತೇನೋ ಎಂದು ನನ್ನ ಎದೆ ಧಸಕ್ಕೆಂದಿತು. ಆದರೆ ಮೊಬೈಲಿನಲ್ಲಿದ್ದ ಮೂಲ ಚಿತ್ರವನ್ನು ಹಿಗ್ಗಿಸಿ ತೋರಿಸಿದಾಗ ದೊಡ್ಡಮ್ಮ ತಕ್ಷಣ ಬೆರಳಿಟ್ಟರು: "ಇಗೋ, ಇವರು. ಹುಬ್ಬಿನ ಮೇಲೆ ಗಾಯದ ಗುರುತಿದೆಯಲ್ಲ, ಅಡಿಕೆ ಕತ್ತಿ ತಾಗಿದ್ದು." ಬಣ್ಣ ತುಂಬಿದವರು ಆ ಗುರುತನ್ನು ಕಲೆ ಎಂದು ಒರೆಸಿದ್ದರು. ಮಸುಕಾಗಿದ್ದ ಮುಖಗಳಿಗೆಲ್ಲ ಯಂತ್ರ ಹೊಸ ಕಣ್ಣು ಮೂಗು ಬರೆದುಕೊಟ್ಟಿತ್ತು. ಆ ಮುಖಗಳು ಯಾರವೂ ಅಲ್ಲ.

ಆ ಕಟ್ಟನ್ನು ಅಲ್ಲಿಯೇ ಮಗುಚಿಟ್ಟೆ.

ಇನ್ನು ಸ್ಟುಡಿಯೋ ವಿಷಯ. ಸಾಗರದ ಪೇಟೆಯೊಳಗೆ, ಬಟ್ಟೆ ಅಂಗಡಿಯ ಮಾಳಿಗೆಯಲ್ಲಿದೆ. ಅವರ ಕೆಲವು ಕುಂದುಗಳನ್ನೂ ಬರೆಯಬೇಕಿರುವುದರಿಂದ ಹೆಸರು ಹಾಕುವುದಿಲ್ಲ. ಇಂಥವರು ಪ್ರತಿ ತಾಲ್ಲೂಕಿನಲ್ಲೂ ಒಬ್ಬರಾದರೂ ಇದ್ದಾರೆ, ಹುಡುಕಿದರೆ ಸಿಗುತ್ತಾರೆ. ಗುರುತು ಇಷ್ಟೇ: ಫಿಲ್ಮು ತೊಳೆಯುವ ಕತ್ತಲೆ ಕೋಣೆಯಲ್ಲಿ, ಎಂದರೆ ಡಾರ್ಕ್‌ರೂಮಿನಲ್ಲಿ ಕೈ ನೆನೆಸಿಕೊಂಡು ಕೆಲಸ ಕಲಿತವರಾಗಿರಬೇಕು.

ಮಾಲೀಕರು ನಮ್ಮ ಕಟ್ಟನ್ನು ಕೈಗೆ ತೆಗೆದುಕೊಂಡವರೇ ಕಿಟಕಿಯ ಬಳಿ ಹೋಗಿ ಓರೆಯಾಗಿ ಹಿಡಿದು ನೋಡಿದರು. ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಮಲೆನಾಡಿನ ಮಳೆಗಾಲದ ತೇವಕ್ಕೆ ಫೋಟೋ ಮೇಲಿನ ಜಿಲೆಟಿನ್ ಪದರ ಮೆತ್ತಗಾಗಿ ಗಾಜನ್ನು ಹಿಡಿದುಕೊಳ್ಳುತ್ತದಂತೆ. ಬಿಡಿಸಿ ಸ್ಕ್ಯಾನ್ ಮಾಡಿ ಎಂದೆ. "ಬಿಡಿಸಿದರೆ ಮುಖ ಗಾಜಿನ ಜೊತೆ ಹೋಗುತ್ತದೆ, ಕಾಗದ ಮಾತ್ರ ನಿಮ್ಮ ಕೈಗೆ ಬರುತ್ತದೆ. ನಾನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ" ಎಂದರು. ಗಾಜಿನ ಸಮೇತವೇ ಮೇಜಿನ ಮೇಲಿಟ್ಟು, ಎರಡೂ ಬದಿಯಿಂದ ಓರೆಯಾಗಿ ದೀಪ ಬೀಳಿಸಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಕಟ್ಟಿ ಮೇಲಿನಿಂದ ಚಿತ್ರ ತೆಗೆದರು. ಅರ್ಧ ಗಂಟೆಯ ಕೆಲಸ. ಕೆಲಸ ಮಾಡುತ್ತ ಅವರು ಹೇಳಿದ ಒಂದು ಮಾತಿಗೆ ನಾನು ಕೊಟ್ಟ ಹಣವೆಲ್ಲ ಸಾರ್ಥಕ. ಆ ಕಾಲದ ಎಷ್ಟೋ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣಿಸುತ್ತಲೇ ಇರಲಿಲ್ಲ, ಕೆಂಪಿದ್ದದ್ದೆಲ್ಲ ಕಪ್ಪಾಗಿ ಬರುತ್ತಿತ್ತು. ಕತ್ತಲೆ ಕೋಣೆಯ ಕೆಂಪು ದೀಪದ ಬೆಳಕಿನಲ್ಲಿ ಅವರು ಕೆಲಸ ಮಾಡಲು ಸಾಧ್ಯವಾಗುತ್ತಿದ್ದುದೂ ಇದೇ ಗುಣದಿಂದ. "ಹಣೆಯ ಕುಂಕುಮ ನೋಡಿ, ಇದ್ದಿಲಿನ ಹಾಗಿದೆ. ಈ ಫೋಟೋದಲ್ಲಿ ಕಪ್ಪು ಸೀರೆ ಕಂಡರೆ ಕಪ್ಪು ಎಂದುಕೊಳ್ಳಬೇಡಿ."

ಬಿಡಿ ಫೋಟೋಗಳಲ್ಲಿ ಹೆಚ್ಚಿನವು ಎರಡೂಕಾಲು ಇಂಚಿನ ಚೌಕದವು. 120 ಎಂಬ ಅಗಲ ಸುರುಳಿ ಫಿಲ್ಮಿನಿಂದ ದೊಡ್ಡದು ಮಾಡದೆ ನೇರವಾಗಿ ಮುದ್ರಿಸಿದಂಥವು. ಅವನ್ನು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆಗಳಂತೆ) ಸ್ಕ್ಯಾನ್ ಮಾಡಿದರು. ಅಷ್ಟು ಮಾಡಿದರೆ ಹೆಬ್ಬೆಟ್ಟಿನಷ್ಟು ದೊಡ್ಡ ಮುಖವಿರುವ ಚಿತ್ರ ಒಂಬತ್ತು ಇಂಚಿಗೆ ಹಿಗ್ಗಿದರೂ ಒಡೆಯುವುದಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಅಜ್ಜಿಯಂದಿರಿಗೆ ತೋರಿಸುವುದಾದರೆ ಇದು ಬಹಳ ಮುಖ್ಯ. ಗುಂಪು ಫೋಟೋವನ್ನು ಏನೂ ತಿದ್ದದೆ 12×18 ಇಂಚಿಗೆ ಎರಡು ಪ್ರತಿ ಮುದ್ರಿಸಿದರು. ಪ್ರತಿ ಮುಖವನ್ನೂ ಬೇರೆ ಬೇರೆಯಾಗಿ ಅಂಚೆ ಕಾರ್ಡಿನಷ್ಟು ದೊಡ್ಡದಾಗಿ ಹಾಕಿಕೊಟ್ಟರು. ಅದರ ಮೇಲೆ ಅವರೇ ಯೋಚಿಸಿ ಮಾಡಿದ ಇನ್ನೊಂದು ಕೆಲಸವಿದೆ: ದೊಡ್ಡ ಪ್ರತಿಯ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಪೆನ್ಸಿಲಿನಲ್ಲಿ ತಲೆ ಭುಜಗಳ ರೇಖೆ ಎಳೆದು ಒಂದರಿಂದ ಸಂಖ್ಯೆ ಹಾಕಿದರು. ನಾನು ಎಣಿಸಿಟ್ಟುಕೊಂಡಿದ್ದು 26 ಜನ. ಅವರ ಸಂಖ್ಯೆ 27ಕ್ಕೆ ನಿಂತಿತು.

"ಬಾಗಿಲ ಸಂದಿಯಲ್ಲಿ ಒಬ್ಬರಿದ್ದಾರೆ, ನೋಡಿ" ಎಂದು 19 ಎಂದು ಬರೆದಲ್ಲಿ ಬೆರಳಿಟ್ಟರು. ಜಗಲಿಯ ಕಂಬದ ಹಿಂದೆ, ಒಳಬಾಗಿಲಿನ ಕತ್ತಲಲ್ಲಿ, ಸೆರಗು ಹೊದ್ದ ಒಂದು ತಲೆ, ಬಾಗಿಲವಾಡವನ್ನು ಹಿಡಿದ ನಾಲ್ಕು ಬೆರಳು. ಬಣ್ಣದ ಪ್ರತಿಯಲ್ಲಿ ಆ ಜಾಗ ಏನಾಗಿದೆ ಎಂದು ಮನೆಗೆ ಬಂದು ತೆಗೆದು ನೋಡಿದೆ. ಒಳ್ಳೆಯ ಮರದ ಬಾಗಿಲು ಮಾತ್ರ ಇತ್ತು.

ಜನವರಿಯಲ್ಲಿ ಮತ್ತೆ ತುಮರಿಗೆ ಹೋದೆ. ಸಾಗರದಿಂದ ಅತ್ತೆಯನ್ನೂ ಕರೆದುಕೊಂಡು ಹೋಗಿದ್ದೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದು ಒಳ್ಳೆಯದೇ ಆಯಿತು. ದೊಡ್ಡಮ್ಮನಿಗೆ ತವರಿನ ಕಡೆಯವರು ಗೊತ್ತು, ಅತ್ತೆಗೆ ನಮ್ಮ ಮನೆಯವರು ಗೊತ್ತು. ಮೊಬೈಲಿನಲ್ಲಿ ಮಾತು ಧ್ವನಿಮುದ್ರಿಸಿಕೊಂಡೆ. ಒಂದು ನಿಯಮ ಇಟ್ಟುಕೊಂಡಿದ್ದೆ: "ಇದು ಅಜ್ಜ ಅಲ್ಲವೇ?" ಎಂದು ನಾನಾಗಿ ಬಾಯಿ ಬಿಡಬಾರದು. ಹೆಸರು ನಾವೇ ಎತ್ತಿಕೊಟ್ಟರೆ ಹಿರಿಯರು ನಮ್ಮ ಮನಸ್ಸು ನೋಯಿಸಬಾರದೆಂದು ಹೌದು ಎಂದುಬಿಡುತ್ತಾರೆ. ಕಾರ್ಡು ಕೈಗೆ ಕೊಟ್ಟು ಸುಮ್ಮನಿರಬೇಕು.

ಅವರು ಗುರುತಿಸುವ ರೀತಿ ನೋಡುವಂತಿತ್ತು. ಮುಖ ಕೊನೆಗೆ. ಮೊದಲು ಕಿವಿಯ ಬುಗುಡಿ, ಕೊರಳಿನ ಅವಲಕ್ಕಿ ಸರ, ಮಗುವನ್ನು ಯಾವ ಸೊಂಟದ ಮೇಲೆ ಎತ್ತಿಕೊಂಡಿದ್ದಾರೆ ಎಂಬುದು. ಬಿಡಿ ಫೋಟೋಗಳಲ್ಲಿ ಮೂವರು ಗಂಡಸರು ಬೇರೆ ಬೇರೆ ಕಡೆ ಒಂದೇ ಕರಿ ಕೋಟು ತೊಟ್ಟಿದ್ದರು. ಎದೆಯ ಜೇಬಿನ ಹತ್ತಿರ ಹೊಲಿದ ಹರಕು ಮೂರರಲ್ಲೂ ಇದೆ. ಮನೆಯಲ್ಲಿದ್ದದ್ದು ಒಂದೇ ಕೋಟು, ಫೋಟೋಗೆ ನಿಲ್ಲುವವರೆಲ್ಲ ಅದನ್ನೇ ಹಾಕಿಕೊಳ್ಳುತ್ತಿದ್ದರು ಎಂದು ಅತ್ತೆ ಹೇಳಿದರು. ಮೊಬೈಲಿನ ಮುಖ ಗುರುತಿಸುವ ಸೌಲಭ್ಯ ಈ ಮೂವರನ್ನೂ ಒಬ್ಬನೇ ಎಂದು ಒಂದೇ ಗುಂಪಿಗೆ ಹಾಕಿತ್ತು. ಅಣ್ಣ, ತಮ್ಮ, ಚಿಕ್ಕಪ್ಪನ ಮಗ ಎಂದು ಅತ್ತೆ ಬೇರೆ ಮಾಡಿದ್ದು ಕೋಟು ಯಾರಿಗೆ ಸಡಿಲ, ಯಾರಿಗೆ ಬಿಗಿ ಎಂಬುದನ್ನು ನೋಡಿ.

ಜಗಳವೂ ಆಯಿತು. ಮುಂದಿನ ಸಾಲಿನ ಕೂಸು ದೊಡ್ಡಮ್ಮನ ತಮ್ಮನೆಂದು ಒಬ್ಬರು, ನಮ್ಮ ಚಿಕ್ಕಪ್ಪನೆಂದು ಒಬ್ಬರು. ಟ್ರಂಕಿನಲ್ಲಿ ಸಿಕ್ಕಿದ ಲಗ್ನಪತ್ರಿಕೆಯಲ್ಲಿ ಜಯ ಸಂವತ್ಸರದ ವೈಶಾಖ ಎಂದಿದೆ, ಎಂದರೆ 1954ರ ಬೇಸಿಗೆ. ಚಿಕ್ಕಪ್ಪನ ಜಾತಕದಲ್ಲಿ ಅದರ ಮರುವರ್ಷದ ಮನ್ಮಥ ಸಂವತ್ಸರ. ಮದುವೆಯ ಹೊತ್ತಿಗೆ ಅವರು ಇನ್ನೂ ಹುಟ್ಟಿಯೇ ಇರಲಿಲ್ಲ. ದೊಡ್ಡಮ್ಮ ಗೆದ್ದರು, ಸಂಜೆಯವರೆಗೂ ಗೆಲುವಾಗಿದ್ದರು.

19ನೆಯ ಕಾರ್ಡನ್ನು ಕೈಗೆ ತೆಗೆದುಕೊಂಡ ಅತ್ತೆ ಮಾತು ನಿಲ್ಲಿಸಿದರು. ಧ್ವನಿಮುದ್ರಣದಲ್ಲಿ ಅಲ್ಲಿ ಗಡಿಯಾರದ ಶಬ್ದ ಮಾತ್ರ ಇದೆ. ಆಮೇಲೆ "ಇವಳು ಇದ್ದಾಳೆಯೇ ಇದರಲ್ಲಿ" ಎಂದರು. ಅಜ್ಜನ ಅಕ್ಕ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಸತ್ತು, ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ ತವರಿಗೆ ಕಳುಹಿಸಿದ್ದರು. ಶುಭಕಾರ್ಯದ ದಿನ ಎದುರಿಗೆ ಬರುವಂತಿರಲಿಲ್ಲ. ಆ ಮದುವೆಯ ನಾಲ್ಕು ದಿನದ ಅಡುಗೆ ಅವಳದೇ ಉಸ್ತುವಾರಿ. ನನ್ನ ಅಪ್ಪನನ್ನು, ಅತ್ತೆಯನ್ನು, ಎಲ್ಲರನ್ನೂ ಮೀಯಿಸಿ ಉಣಿಸಿ ಬೆಳೆಸಿದವಳು. ಬೆರಳು ನೋಡಿ ಗುರುತಿಸಿದರು ಅತ್ತೆ: ಉಂಗುರದ ಬೆರಳು ಸೊಟ್ಟಗಾಗಿತ್ತು, ಬಾವಿಯ ರಾಟೆಗೆ ಸಿಕ್ಕಿ. ಊರು ಮುಳುಗಿದ ಮೇಲೆ ಹೊಸ ಮನೆಯಲ್ಲಿ ಎರಡು ಮಳೆಗಾಲ ಕಂಡಳಂತೆ. ಅವಳ ಒಂದು ಫೋಟೋವೂ ಇಲ್ಲವೆಂದು ಮನೆಯವರೆಲ್ಲ ತಿಳಿದಿದ್ದರು.

ಮದುಮಗಳ ಧಾರೆ ಸೀರೆ ಮತ್ತು ಬಾಗಿಲ ಹಿಂದಿನವಳ ಮಡಿ ಸೀರೆ ಫೋಟೋದಲ್ಲಿ ಒಂದೇ ಕಪ್ಪು. ದೊಡ್ಡಮ್ಮ ಎರಡನ್ನೂ ಬೆರಳಿನಿಂದ ಸವರಿ ನೋಡಿದರು, ಏನೂ ಹೇಳಲಿಲ್ಲ.

ಸ್ಟುಡಿಯೋದ ಕುಂದುಗಳು: ಒಂದು ವಾರ ಎಂದವರು ಹದಿನೆಂಟು ದಿನ ತೆಗೆದುಕೊಂಡರು. ಫೋನ್ ಎತ್ತುವುದಿಲ್ಲ. ಫೋಟೋಗಳ ಹಿಂಬದಿಯನ್ನು ಸ್ಕ್ಯಾನ್ ಮಾಡಿರಲಿಲ್ಲ. ಒಂಬತ್ತು ಫೋಟೋಗಳ ಹಿಂದೆ ಅಜ್ಜನ ಪೆನ್ಸಿಲಿನ ಬರಹವಿತ್ತು, ಅದಕ್ಕಾಗಿ ನಾನು ಎರಡನೆಯ ಸಲ ಹೋಗಬೇಕಾಯಿತು. ಹಿಂಬದಿಯೂ ಬೇಕು ಎಂದು ಮೊದಲೇ ಹೇಳಿ. ಎರಡು ಸ್ಕ್ಯಾನ್‌ಗಳಲ್ಲಿ ಗಾಜಿನ ಮೇಲಿನ ಕೂದಲೆಳೆ ಬಂದಿತ್ತು. ತೋರಿಸಿದ ಕೂಡಲೇ ಮತ್ತೆ ಮಾಡಿಕೊಟ್ಟರು, ಹಣ ಕೇಳಲಿಲ್ಲ. ಕಡತಗಳಿಗೆ ಬರೀ ಸಂಖ್ಯೆಗಳನ್ನೇ ಹೆಸರಾಗಿ ಇಟ್ಟಿರುತ್ತಾರೆ, ಮನೆಗೆ ಬಂದು ನಾವೇ ಹೊಂದಿಸಿಕೊಳ್ಳಬೇಕು.

ನನಗೆ ಆದ ಖರ್ಚು: ಬಿಡಿ ಫೋಟೋಗೆ 30 ರೂಪಾಯಿಯಂತೆ 1,230, ಗಾಜಿನ ಕಟ್ಟಿನದಕ್ಕೆ 250, ದೊಡ್ಡ ಪ್ರತಿ ಎರಡಕ್ಕೆ 360, ಮುಖದ ಕಾರ್ಡುಗಳಿಗೆ 540. ಒಟ್ಟು 2,380. ಟ್ರೇಸಿಂಗ್ ಪೇಪರಿನ ನಕ್ಷೆಗೆ ಏನೂ ತೆಗೆದುಕೊಳ್ಳಲಿಲ್ಲ.

27ರಲ್ಲಿ 24 ಜನರ ಹೆಸರು ಆ ನಕ್ಷೆಯ ಮೇಲೆ ಬಂದಿದೆ, ಮೆತ್ತನೆಯ ಪೆನ್ಸಿಲಿನಲ್ಲಿ, ಯಾರು ಹೇಳಿದ್ದು ಎಂಬುದರ ಸಮೇತ. ಉಳಿದವರು ಮೂವರು. ಎಡಗಡೆ ಕೊನೆಯಲ್ಲಿ ಕೊಡೆ ಹಿಡಿದು ನಿಂತಿರುವ ಆರನೆಯವರು ಹೊಸನಗರದ ಕಡೆಯ ಪುರೋಹಿತರಿರಬೇಕು ಎಂದು ದೊಡ್ಡಮ್ಮ ಹೇಳುತ್ತಾರೆ. ಅಲ್ಲ, ಅಡಿಕೆ ವ್ಯಾಪಾರಕ್ಕೆ ಬರುತ್ತಿದ್ದವರು ಎಂದು ಅತ್ತೆ. ಎರಡನೆಯ ದೊಡ್ಡ ಪ್ರತಿಯನ್ನು ಸುರುಳಿ ಸುತ್ತಿ ಇಟ್ಟಿದ್ದೇನೆ. ಮುಂದಿನ ತಿಂಗಳು ಹೊಸನಗರದಲ್ಲಿ ಅತ್ತೆಯ ಮಗಳ ಮನೆಯ ಉಪನಯನವಿದೆ, ಅಲ್ಲಿ ಹಳಬರು ನಾಲ್ಕಾರು ಜನ ಸೇರುತ್ತಾರೆ.