ಜನವರಿಯಲ್ಲಿ ನೋಡಿದ ಬಾಡಿಗೆ ಮನೆ, ಜೂನ್‌ನಲ್ಲಿ ಸೋರಿದ ಮಾಡು

ಕಾರವಾರದ ಕೋಡಿಬಾಗದಲ್ಲಿ ನಾವು ಬಾಡಿಗೆಗೆ ಹಿಡಿದ ಹಂಚಿನ ಮನೆಯನ್ನು ಮೊದಲು ನೋಡಿದ್ದು ಜನವರಿಯಲ್ಲಿ. ಗೋಡೆಗೆ ಹೊಸ ಸುಣ್ಣ ಬಳಿದಿತ್ತು, ಬಾವಿಯ ನೀರು ಸಿಹಿಯಾಗಿತ್ತು. ಮಾಡಿನ ಬಗ್ಗೆ ಒಂದು ಮಾತನ್ನೂ ಕೇಳದೆ ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕಿದೆವು. ಅದರಲ್ಲಿ ‘ಸಣ್ಣಪುಟ್ಟ ದುರಸ್ತಿ ಬಾಡಿಗೆದಾರರದ್ದು’ ಎಂಬ ಸಾಲೊಂದಿತ್ತು. ಆ ಸಾಲು ನಮಗೆ ಎಷ್ಟು ದುಬಾರಿಯಾಯಿತೆಂಬುದನ್ನು ಈ ಕರಾವಳಿಯಲ್ಲಿ ಮನೆ ಹುಡುಕುತ್ತಿರುವವರಿಗಾಗಿ ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ಒಂದು ಸಂಜೆ ಗುಡುಗು ಮಳೆ ಬಂದು ಹೋದ ಮೇಲೆ ಅಡುಗೆಮನೆಯ ಗೋಡೆಯಲ್ಲಿ ಕಂದು ಗೆರೆಯೊಂದು ಇಳಿದಿತ್ತು. ಹಂಚು ಕೈಯಾಡಿಸಬೇಕೆಂದು ಮಾಲೀಕರಿಗೆ ಫೋನಿನಲ್ಲಿ ಹೇಳಿದಾಗ, ‘ಆಳು ಸಿಕ್ಕಿದರೆ ಕಳಿಸುತ್ತೇನೆ’ ಎಂದರು. ನಾನು ಮತ್ತೆ ಕೇಳಲಿಲ್ಲ, ಬರೆದೂ ಕೊಡಲಿಲ್ಲ. ಜೂನ್‌ನಲ್ಲಿ ಮಳೆ ಹಿಡಿದ ಮೂರನೆಯ ರಾತ್ರಿ ಹಂಚುಗಳು ಜಾರಿ, ನೀರು ಸ್ವಿಚ್ ಬೋರ್ಡ್ ಇದ್ದ ಗೋಡೆಗೇ ಇಳಿಯಿತು. ಬೆಳಗ್ಗೆ ದೀಪ ಹಾಕಲು ಹೋದ ನಮ್ಮ ಅತ್ತೆಯವರಿಗೆ ಶಾಕ್ ಹೊಡೆದು, ಹಿಂದಕ್ಕೆ ಬಿದ್ದು ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟಿತು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಇ.ಎಲ್.ಸಿ.ಬಿ. ಎಂಬ ಸುರಕ್ಷತಾ ಸ್ವಿಚ್ 30 ಮಿಲಿ ಆಂಪಿಯರ್‌ನಷ್ಟು ಕರೆಂಟು ಸೋರಿದರೂ ವಿದ್ಯುತ್ತನ್ನು ಕಡಿದುಬಿಡುತ್ತದೆ. ಆ ಮನೆಯಲ್ಲಿ ಅದು ಇರಲೇ ಇಲ್ಲ, ಇದೆಯೇ ಎಂದು ನಾವು ನೋಡಿರಲೂ ಇಲ್ಲ.

ಜಡಿಮಳೆಯಲ್ಲಿ ಯಾರೂ ಮಾಡು ಹತ್ತುವುದಿಲ್ಲ, ಹತ್ತಲೂಬಾರದು: ಪಾಚಿಗಟ್ಟಿದ ಹಂಚು ಜಾರುತ್ತದೆ, ಹಂಚನ್ನು ಹೊರುವ ಮರದ ಪಟ್ಟಿ, ಅಂದರೆ ರೀಪು, ಲಡ್ಡಾಗಿದ್ದರೆ ಕಾಲಡಿಯಲ್ಲೇ ಮುರಿಯುತ್ತದೆ. ಇಪ್ಪತ್ತು ದಿನ ಟಾರ್ಪಾಲಿನ ಕೆಳಗೆ ಕಳೆದೆವು. ಕೊನೆಗೆ ರೀಪು, ಹಂಚು, ಕೂಲಿ ಎಲ್ಲ ಸೇರಿ 18,500 ರೂಪಾಯಿ ನಮ್ಮ ಕೈಯಿಂದಲೇ ಹೋಯಿತು. ಮಾಲೀಕರು ಕರಾರಿನ ಆ ಸಾಲನ್ನು ತೋರಿಸಿದರು. ಮಾಡಿನ ಸಂದಿಯಲ್ಲಿ ತುಂಬಿದ್ದ ಮಾವಿನ ತರಗೆಲೆಯನ್ನು ನಾವು ತೆಗೆಸದಿದ್ದರಿಂದಲೇ ನೀರು ಒಳಗೆ ನುಗ್ಗಿತೆಂದೂ ಹೇಳಿದರು. ಎಲೆ ತೆಗೆಸುವುದು ವಾಸವಿದ್ದ ನಮ್ಮ ಕೆಲಸವೇ ಆಗಿತ್ತು, ಅದನ್ನು ಒಪ್ಪುತ್ತೇನೆ. ಆದರೆ ಗೆದ್ದಲು ತಿಂದ ರೀಪು ನಾವು ಬರುವುದಕ್ಕೆ ಎಷ್ಟೋ ವರ್ಷ ಮೊದಲಿನದು, ಅದು ಸಣ್ಣಪುಟ್ಟ ದುರಸ್ತಿಯೂ ಅಲ್ಲ.

ವಕೀಲರನ್ನು ಕೇಳಿದ ಮೇಲೆ ತಿಳಿದದ್ದು ಇಷ್ಟು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೆಯ ಕಲಮಿನ ಪ್ರಕಾರ, ಮಾಲೀಕರು ತಾವು ಮಾಡಲೇಬೇಕಾದ ದುರಸ್ತಿಯನ್ನು ತಿಳಿವಳಿಕೆ ಕೊಟ್ಟ ಮೇಲೂ ಯೋಗ್ಯ ಕಾಲದೊಳಗೆ ಮಾಡದಿದ್ದರೆ, ಬಾಡಿಗೆದಾರರೇ ಮಾಡಿಸಿ ಆ ಖರ್ಚನ್ನು ಬಡ್ಡಿಸಹಿತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ತೊಡಕಿರುವುದು ‘ಮಾಡಲೇಬೇಕಾದ’ ಎಂಬಲ್ಲಿ. ಮಾಡಿನ ಹೊಣೆ ಮಾಲೀಕರದೆಂದು ಕರಾರಿನಲ್ಲಿ ಬರೆಸಿರದಿದ್ದರೆ ಆ ಹಕ್ಕನ್ನು ಸಾಧಿಸುವುದು ಕಷ್ಟ. ಫೋನಿನ ಮಾತಿಗೆ ಪುರಾವೆಯೂ ಇರುವುದಿಲ್ಲ.

ಆದ್ದರಿಂದ ದಯವಿಟ್ಟು ಏಪ್ರಿಲ್‌ನಲ್ಲೇ, ಹಂಚಿನ ಕೆಲಸದವರು ಇನ್ನೂ ಸಿಗುವ ಹೊತ್ತಿಗೆ, ಮಾಲೀಕರನ್ನು ಮನೆಗೆ ಕರೆದು ಜೊತೆಯಲ್ಲೇ ಅಟ್ಟ ಹತ್ತಿ ನೋಡಿ. ಹಗಲಿನಲ್ಲಿ ಹಂಚಿನ ಸಂದಿಯಿಂದ ಬೆಳಕು ಕಂಡಲ್ಲಿ ನೀರೂ ಬರುತ್ತದೆ. ಕಂಡದ್ದರ ಫೋಟೊವನ್ನು ತಾರೀಖಿನೊಂದಿಗೆ ವಾಟ್ಸ್‌ಆ್ಯಪಿನಲ್ಲಾದರೂ ಅವರಿಗೆ ಕಳಿಸಿಡಿ.

ಈಗಿನ ಮನೆಯ ಕರಾರಿನಲ್ಲಿ ಮಾಡು, ರೀಪು, ವೈರಿಂಗ್ ಮಾಲೀಕರದು, ಎಲೆ ತೆಗೆಸುವುದೂ ಇರಚಲಿಗೆ ತಟ್ಟಿ ಕಟ್ಟುವುದೂ ನಮ್ಮದು ಎಂದು ಬಿಡಿಬಿಡಿಯಾಗಿ ಬರೆಸಿದ್ದೇವೆ. ಇ.ಎಲ್.ಸಿ.ಬಿ. ಕೂರಿಸಿದ ಮೇಲೆಯೇ ಅತ್ತೆಯವರನ್ನು ಆ ಮನೆಗೆ ಕರೆತಂದೆವು.