180 ರೂಪಾಯಿಯ ಗೇರ್ ಬುಷ್: 14 ತಿಂಗಳಾದ ಮೇಲೆ

ಇದು ಕಾರಿನ ವಿಮರ್ಶೆ ಅಲ್ಲ. ಗೇರ್ ಕೇಬಲ್ಲಿನ ತುದಿಯಲ್ಲಿ ಕೂರುವ, ಹೆಬ್ಬೆರಳಿನ ಉಗುರಿನಷ್ಟಿರುವ ಒಂದು ನೈಲಾನ್ ಬುಷ್‌ನದು.

ಬಳ್ಳಾರಿಯಲ್ಲಿ ನನ್ನದೊಂದು ಸಣ್ಣ ಜೀನ್ಸ್ ಹೊಲಿಗೆ ಯೂನಿಟ್ ಇದೆ. ಕಾರು 2012ರ ಹ್ಯಾಚ್‌ಬ್ಯಾಕ್. ಹಿಂದಿನ ಸೀಟು ಮಡಚಿ ಪ್ಯಾಂಟಿನ ಕಟ್ಟು ತುಂಬಿಕೊಂಡು ತೋರಣಗಲ್ಲಿಗೆ ವಾರಕ್ಕೆ ಮೂರು ಸಲ ಹೋಗಿ ಬರುತ್ತೇನೆ. ಹೋದ ವರ್ಷ ಅಲ್ಲಿಂದ ವಾಪಸ್ ಬರುವಾಗ ಸುಧಾ ಕ್ರಾಸ್ ರೈಲ್ವೆ ಗೇಟಿನ ಹತ್ತಿರ ಗೇರ್ ಲಿವರ್ ಇದ್ದಕ್ಕಿದ್ದಂತೆ ಮಜ್ಜಿಗೆ ಕಡಗೋಲಿನ ಹಾಗೆ ಸುತ್ತ ತಿರುಗತೊಡಗಿತು. ಗಾಡಿ ಮಾತ್ರ ಸೆಕೆಂಡ್‌ನಲ್ಲೇ ಇತ್ತು. ಅದೇ ಗೇರಿನಲ್ಲಿ, ಅರ್ಧ ಕ್ಲಚ್ ಒತ್ತಿಕೊಂಡು, ಹಿಂದಿನವರ ಬೈಗುಳ ಕೇಳಿಕೊಂಡು ಮನೆ ಸೇರಿದೆ.

ಸರ್ವಿಸ್ ಸೆಂಟರಿನಲ್ಲಿ ಪೂರಾ ಕೇಬಲ್ ಸೆಟ್ ಬದಲಿಸಬೇಕು, 5,800 ಆಗುತ್ತೆ ಅಂದರು. ಬುಷ್ ಬಿಡಿಯಾಗಿ ಬರಲ್ಲವಂತೆ. ಅಷ್ಟು ದುಡ್ಡಿಗೆ ನನಗೆ ಬಟ್ಟೆ ಅಂಚು ಹೊಲಿಯುವ ಹಳೇ ಓವರ್‌ಲಾಕ್ ಮಷಿನ್ನಿಗೆ ಅಡ್ವಾನ್ಸ್ ಕೊಡಬಹುದಿತ್ತು. ಸೀದಾ ಕೌಲ್ ಬಜಾರಿನ ಮೆಕ್ಯಾನಿಕ್ ಚಾಚಾ ಹತ್ತಿರ ಹೋದೆ. ಅವರು ಏರ್ ಫಿಲ್ಟರ್ ಡಬ್ಬಿ ಬಿಚ್ಚಿ, ಬೆರಳಲ್ಲೇ ತಡಕಿ ನೋಡಿ ನಕ್ಕರು. "ಕೇಬಲ್ ಚೆನ್ನಾಗೈತೆ ತಮ್ಮಾ. ಬುಷ್ ಪುಡಿಯಾಗೈತೆ ಅಷ್ಟೇ."

ಲಿವರ್‌ನಿಂದ ಗೇರ್‌ಬಾಕ್ಸ್‌ಗೆ ಎರಡು ಕೇಬಲ್ ಹೋಗುತ್ತವೆ. ಒಂದು ಹಿಂದೆ ಮುಂದೆ ಎಳೆಯುವುದಕ್ಕೆ, ಇನ್ನೊಂದು ಎಡ ಬಲ ಹುಡುಕುವುದಕ್ಕೆ. ಅವುಗಳ ತುದಿಯಲ್ಲಿ ಒಂದೊಂದು ಬುಷ್, ಅದು ಗೇರ್‌ಬಾಕ್ಸ್ ಮೇಲಿನ ಗುಂಡು ಪಿನ್ನಿಗೆ ಅಮುಕಿ ಕೂತಿರುತ್ತದೆ. ಎಂಜಿನ್ ಬಿಸಿಗೆ ಅದು ಗಡುಸಾಗಿ ಒಡೆದರೆ ಕೇಬಲ್ ಕಳಚಿ ಬೀಳುತ್ತದೆ. ನಮ್ಮ ಊರಿನ ಬೇಸಿಗೆಯೂ ಸೇರಿತಲ್ಲ, ಕೇಳಬೇಕಾ? ಚಾಚಾ ಹೊಸ ಬುಷ್ಷನ್ನು ಟೀ ಅಂಗಡಿಯ ಬಿಸಿನೀರಲ್ಲಿ ಎರಡು ನಿಮಿಷ ಬಿಟ್ಟು, ಮೆತ್ತಗಾದ ಮೇಲೆ ಇಕ್ಕಳದಿಂದ ಒತ್ತಿದರು. ಟಕ್ ಅಂತ ಕೂತಿತು. ನಾನು ಆಗ ಒಗ್ಗರಣೆ-ಮಿರ್ಚಿ ತಿನ್ನುತ್ತಿದ್ದೆ. ಎರಡನೇ ಮಿರ್ಚಿ ಮುಗಿಯುವಷ್ಟರಲ್ಲಿ ಕೆಲಸ ಮುಗಿದಿತ್ತು. ಬುಷ್ 180, ಕೂಲಿ 250.

ಆಮೇಲಿನ ಮೂರು ತಿಂಗಳು ಗೇರ್ ಹಾಕುವುದೇ ಒಂದು ಖುಷಿ. ಸಿಗ್ನಲ್ ಇಲ್ಲದ ಕಡೆಯೂ ಸುಮ್ನೆ ಥರ್ಡ್‌ಗೆ ಇಳಿಸಿ ಮತ್ತೆ ಫೋರ್ತ್‌ಗೆ ಹಾಕುತ್ತಿದ್ದೆ, ಆ ಟಕ್ ಕೇಳೋಕೆ. ಹನ್ನೆರಡು ವರ್ಷದ ಗಾಡಿ ಅಂತ ಅನಿಸುತ್ತಲೇ ಇರಲಿಲ್ಲ.

ಮೇ ತಿಂಗಳಲ್ಲಿ ಬಣ್ಣ ಬಯಲಾಯಿತು. ಮೋತಿ ಸರ್ಕಲ್‌ನಲ್ಲಿ ಫಸ್ಟ್ ಹಾಕಿದೆ ಅಂದುಕೊಂಡು ಕ್ಲಚ್ ಬಿಟ್ಟರೆ ಗಾಡಿ ಥರ್ಡ್‌ನಲ್ಲಿ ಕುಲುಕಿ ನಿಂತಿತು. ಈ ಸಲ ಎಡ ಬಲ ಹುಡುಕುವ ಕೇಬಲ್ಲಿನ ಬುಷ್ ಹೋಗಿತ್ತು. ತಪ್ಪು ನನ್ನದೇ. "ಎರಡೂ ಹಾಕಿಸಿಬಿಡು" ಅಂತ ಚಾಚಾ ಅವತ್ತೇ ಹೇಳಿದ್ದರು, ನಾನೇ ಜುಗ್ಗತನ ಮಾಡಿದ್ದೆ. ಮತ್ತೆ 180, ಮತ್ತೆ 250. ಚಾಚಾ ಏನೂ ಅನ್ನಲಿಲ್ಲ. ಕೂಲಿ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.

ಇನ್ನೊಂದು ದೂರು ಬುಷ್ ಮೇಲೆಯೇ. ಹಳೆಯದಕ್ಕಿಂತ ಇದು ಗಟ್ಟಿ. ಹಾಗಾಗಿ ಗಾಡಿ ನಿಂತಾಗ ಎಂಜಿನ್ನಿನ ನಡುಕವೆಲ್ಲ ಲಿವರ್‌ಗೆ ಬರುತ್ತದೆ. ಪಕ್ಕದ ಗುಂಡಿಯಲ್ಲಿಟ್ಟ ಚಿಲ್ಲರೆ ರೈಲ್ವೆ ಗೇಟ್ ತೆಗೆಯುವ ತನಕ ಗಿಲಗಿಲ ಅನ್ನುತ್ತಲೇ ಇರುತ್ತದೆ. ಈಗ ಅದರ ಕೆಳಗೆ ಡೆನಿಮ್ ತುಂಡು ಹಾಸಿದ್ದೇನೆ.

ಡೆನಿಮ್ ತುಂಡಿಗೆ ಭಾನುವಾರವೂ ಕೆಲಸ ಇದೆ. ಕುಡುತಿನಿ ರಸ್ತೆಯ ಅದಿರಿನ ಕೆಂಪು ಧೂಳು ಎಲ್ಲೆಲ್ಲಿ ಕೂರುತ್ತೆ ಅಂತ ನಿಮಗೂ ಗೊತ್ತಲ್ವಾ? ಬಾನೆಟ್ ಎತ್ತಿ, ಫಿಲ್ಟರ್ ಡಬ್ಬಿಯ ಪಕ್ಕದಿಂದ ಕೈ ತೂರಿಸಿದರೆ ಕೇಬಲ್ ತುದಿ ಬೆರಳಿಗೆ ಸಿಗುತ್ತದೆ. ಒರೆಸಿದರೆ ಕುಂಕುಮ ಕಲಸಿದ ಹಾಗೆ ಒಂದು ಪದರ ಬರುತ್ತದೆ. ಆಮೇಲೆ ಚೂರು ಸಿಲಿಕೋನ್ ಗ್ರೀಸ್. ನಿಮ್ಮದು ರಬ್ಬರ್ ಬುಷ್ ಆದರೆ ಮಾಮೂಲಿ ಚಾಸಿ ಗ್ರೀಸ್ ಹಚ್ಚಬೇಡಿ, ಎಷ್ಟೋ ರಬ್ಬರ್ ಅದಕ್ಕೆ ಉಬ್ಬಿಬಿಡುತ್ತದೆ.

ಬುಷ್ ತರೋ ಮುಂಚೆ ಇದೊಂದು ನೋಡಿ. ಎಂಜಿನ್ ಆಫ್ ಇದ್ದಾಗ ಗೇರ್ ಎಲ್ಲ ಸಲೀಸಾಗಿ ಬಿದ್ದು, ಆನ್ ಮಾಡಿದರೆ ಮಾತ್ರ ಕರಕರ ಅಂದರೆ ಅನುಮಾನ ಕ್ಲಚ್ ಮೇಲೆ. ಆಫ್ ಇದ್ದಾಗಲೂ ಲಿವರ್ ಲೊಡಲೊಡ ಅಂದು ಗೇರ್ ಸಿಗದಿದ್ದರೆ ಬುಷ್ ನೋಡಿಸಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಡಿಮೆ ಮಾಡಿದ್ದು ನಡುಕಕ್ಕೆ. ಈ ಬೇಸಿಗೆಗೆ ಮುಂಚೆಯೇ ಒಂದು ಜೋಡಿ ತಂದು ಇಟ್ಟಿದ್ದೆ. ಮೊನ್ನೆ ಹುಡುಕಿದರೆ ಒಂದೇ ಇತ್ತು. ಇನ್ನೊಂದು ಯೂನಿಟ್‌ನ ಗುಂಡಿ ಡಬ್ಬಿಯಲ್ಲಿ, ಪ್ಯಾಂಟಿನ ಗುಂಡಿಗಳ ಜೊತೆ ಸಿಕ್ಕಿತು.