ಹಾರ್ಡ್ ಡಿಸ್ಕಿಗೆ ಸೈ, ಎಸ್‌ಎಸ್‌ಡಿಗೆ ಬೇಡ

ಸ್ಟುಡಿಯೋ ಮುಚ್ಚಿದಾಗ ಕ್ಯಾಮೆರಾ, ಲೈಟು, ಪರದೆ ಎಲ್ಲ ಸಲೀಸಾಗಿ ಮಾರಿಹೋದವು. ಉಳಿದದ್ದು 11 ಹಾರ್ಡ್ ಡಿಸ್ಕು, 3 ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಡೇಟಾ ಇಡುವಂಥದ್ದು). ಅವುಗಳಲ್ಲಿ ಊರಿನವರ ಮುಖಗಳಷ್ಟೇ ಅಲ್ಲ, ಪಾಸ್‌ಪೋರ್ಟ್ ಫೋಟೋಗೆ ಬಂದವರು ಪ್ರಿಂಟ್ ಹಾಕಿಸಿಕೊಂಡ ಗುರುತಿನ ಚೀಟಿಗಳ ಸ್ಕ್ಯಾನೂ ಇತ್ತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ.

‘ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡಿ ಸಾರ್’ ಅಂದವರೇ ಹೆಚ್ಚು. ಒಂದು ಡಿಸ್ಕಿಗೆ ಕ್ವಿಕ್ ಫಾರ್ಮ್ಯಾಟ್ ಹೊಡೆದು, ಅಳಿಸಿದ ಫೈಲು ಮರಳಿ ತೆಗೆಯುವ ಫೋಟೋರೆಕ್ ಅನ್ನುವ ಉಚಿತ ತಂತ್ರಾಂಶ ಓಡಿಸಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಫೋಲ್ಡರ್ ತುಂಬ ಹಳೇ ಗಿರಾಕಿಗಳು ನಗುತ್ತ ಕೂತಿದ್ದರು! 2003ರಲ್ಲೇ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು 158 ಸೆಕೆಂಡ್ ಹ್ಯಾಂಡ್ ಡಿಸ್ಕು ಕೊಂಡು ಕೆದಕಿದ್ದನ್ನು ಬರೆದಿದ್ದಾರೆ. ಅವರಿಗೆ 5,000ಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆ ಸಿಕ್ಕಿದ್ದವು.

ಹಾಗಾಗಿ ವ್ಯಾನಿನಲ್ಲೇ ಯಂತ್ರ ತಂದು ಬಾಗಿಲಲ್ಲೇ ಪುಡಿ ಮಾಡಿಕೊಡುವವರನ್ನು ಕರೆಸಿದೆ. ಹೆಸರು ಬರೆಯುವುದಿಲ್ಲ, ಕೆಲಸ ಮಾತ್ರ ಹೇಳುತ್ತೇನೆ.

ಹಾರ್ಡ್ ಡಿಸ್ಕಿನ ಮಟ್ಟಿಗೆ ಮೆಚ್ಚಿದೆ. ನನ್ನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡರು. ದೊಡ್ಡ ಡಿಸ್ಕಿನ ಅಲ್ಯೂಮಿನಿಯಂ ತಟ್ಟೆಗಳು ಮುದುಡಿ, ಹರಿದು ಬಿದ್ದವು. ಲ್ಯಾಪ್‌ಟಾಪಿನ ಒಂದು ಡಿಸ್ಕಿನ ತಟ್ಟೆ ಗಾಜಿನದಂತೆ. ಯಂತ್ರದ ಹಲ್ಲಿಗೆ ಸಿಕ್ಕಿದ್ದೇ ಬಳೆ ಒಡೆದ ಸದ್ದು. ಕೆಳಗಿನ ಡಬ್ಬದಲ್ಲಿ ಕನ್ನಡಿ ಚೂರಿನಂಥ ಹೊಳಪು.

ಎಡವಟ್ಟಾದದ್ದು ಆಮೇಲೆ. ಒಂದು ಎಸ್‌ಎಸ್‌ಡಿಯನ್ನೂ ಅದೇ ಬ್ಲೇಡಿಗೆ ಕೊಟ್ಟರು. ಹೊರಬಂದ ತುಂಡುಗಳನ್ನು ಕೆದಕಿದರೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಚಿಪ್ಪು, ಒಂದು ಗೀರೂ ಇಲ್ಲದೆ! ಡೇಟಾ ಕೂತಿರುವುದೇ ಅದರಲ್ಲಿ. ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಇಂಥವನ್ನು 2 ಮಿಲಿಮೀಟರಿಗೆ ಪುಡಿ ಮಾಡಬೇಕೆನ್ನುವುದು ಸುಮ್ಮನೆ ಅಲ್ಲ. ಯಂತ್ರ ಓಡಿಸುತ್ತಿದ್ದ ಹುಡುಗನಿಗೆ ತೋರಿಸಿದೆ. ‘ಹಾಗಾದ್ರೆ ಡೀಗಾಸರ್ ಹಿಡಿದುಬಿಡೋಣ ಸಾರ್’ ಅಂದ. ಅಯ್ಯೋ ಮಾರಾಯ, ಆ ಆಯಸ್ಕಾಂತದ ಯಂತ್ರ ಹಾರ್ಡ್ ಡಿಸ್ಕಿಗೆ ಸರಿ, ಫ್ಲ್ಯಾಶ್ ಚಿಪ್ಪಿಗೆ ಅದರಿಂದ ಏನೂ ಆಗದು. ಉಳಿದ ಎರಡನ್ನು ವಾಪಸ್ ಇಸಿದುಕೊಂಡೆ. ಆ ಚಿಪ್ಪನ್ನು ಬಟ್ಟೆಯಲ್ಲಿ ಸುತ್ತಿ, ಕನ್ನಡಕ ಹಾಕಿಕೊಂಡು, ಸುತ್ತಿಗೆಯಲ್ಲಿ ನಾನೇ ಮುಗಿಸಿದೆ.

ಪುಡಿ ಮಾಡಿದ್ದಕ್ಕೆ ಕೊಟ್ಟ ಪ್ರಮಾಣಪತ್ರದಲ್ಲೂ ಮೊದಲು ‘ಹಾರ್ಡ್ ಡಿಸ್ಕ್ – 11’ ಅಂತಷ್ಟೇ ಬರೆದಿದ್ದರು. ಯಾವ 11? ಸೀರಿಯಲ್ ನಂಬರು ನಾನು ಮೊದಲೇ ಗುರುತು ಹಾಕಿಟ್ಟುಕೊಂಡಿದ್ದರಿಂದ ಒಂದೊಂದನ್ನೂ ಬರೆಸಿಕೊಂಡೆ. ಮುಖ ಸಿಂಡರಿಸಲಿಲ್ಲ, ಅದನ್ನು ಒಪ್ಪಬೇಕು.

ಹಾರ್ಡ್ ಡಿಸ್ಕಿದ್ದರೆ ಕಣ್ಣುಮುಚ್ಚಿ ಕರೆಸಿ. ಪುಡಿ ಮಾಡುವಾಗ ಮಾತ್ರ ಕಣ್ಣು ಬಿಟ್ಟಿರಿ. ವಾಪಸ್ ತಂದ ಎರಡರಲ್ಲಿ ಒಂದಕ್ಕೆ ತಯಾರಕರ ತಂತ್ರಾಂಶದಲ್ಲೇ ಇದ್ದ, ಡೇಟಾ ಪೂರ್ತಿ ಅಳಿಸುವ ಸೆಕ್ಯೂರ್ ಇರೇಸ್ ಕೊಟ್ಟೆ, ಒಂದು ನಿಮಿಷವೂ ಹಿಡಿಯಲಿಲ್ಲ. ಇನ್ನೊಂದು ಸತ್ತಿದೆ, ಕಂಪ್ಯೂಟರಿಗೆ ಕಾಣಿಸುವುದೇ ಇಲ್ಲ. ಸಣ್ಣಗೆ ಪುಡಿ ಮಾಡುವವರು ಸಿಗುವ ತನಕ ಅದು ಬೀರುವಿನಲ್ಲೇ ಇರಲಿ.